ವಿದ್ಯಾವೇತನದ ಋಣ: ಮುಂಬಯಿಯ ಬೆನೆ ಇಸ್ರಾಯೇಲ್ ಸಮಾಜದ ಒಂದು ಅಧ್ಯಾಯ

ಅಲ್ಪಸಂಖ್ಯೆಯ ಸಮಾಜವೊಂದು ತನ್ನ ಮುಂದಾಳುಗಳನ್ನು ಎಲ್ಲಿಂದ ಪಡೆಯುತ್ತದೆ ಎಂಬ ಪ್ರಶ್ನೆಯು ಇತಿಹಾಸಕಾರರ ಗಮನವನ್ನು ಸೆಳೆದುದು ಕಡಿಮೆ. ದೊಡ್ಡ ಸಮಾಜಗಳಲ್ಲಿ ಮುಂದಾಳುತನವು ಭೂಮಿಯಿಂದಲೋ ವಂಶದಿಂದಲೋ ಅಧಿಕಾರದಿಂದಲೋ ತಾನಾಗಿ ಒದಗುತ್ತದೆ. ಸಣ್ಣ ಸಮಾಜಕ್ಕೆ ಈ ಸೌಕರ್ಯವಿಲ್ಲ. ಅದು ತನ್ನ ತರುಣರಲ್ಲಿ ಕೆಲವರನ್ನು ಆರಿಸಿ, ಓದಿಸಿ, ದೂರ ಕಳುಹಿಸಿ, ಅವರು ಹಿಂದಿರುಗಿ ಬರುವರೆಂದು ಕಾದಿರಬೇಕಾಗುತ್ತದೆ. ಈ ಕಾಲದಲ್ಲಿ ಅಮೆರಿಕದ ಯೆಹೂದ್ಯ ಪ್ರತಿಷ್ಠಾನಗಳು ನಾನಾ ದೇಶಗಳ ತರುಣ ಯೆಹೂದ್ಯ ವೃತ್ತಿವಂತರನ್ನು ಆರಿಸಿ, ವೆಚ್ಚವನ್ನು ವಹಿಸಿಕೊಂಡು, ಅವರನ್ನು ಸಮಾಜದ ಹೊಣೆಗೆ ಅಣಿಗೊಳಿಸುವ ಅಂತರರಾಷ್ಟ್ರೀಯ ಫೆಲೋಶಿಪ್‌ಗಳನ್ನು ನಡೆಸುತ್ತಿವೆ. ಇದು ಹೊಸ ಏರ್ಪಾಡೆಂದು ತೋರುವುದು ಸಹಜ. ಆದರೆ ಇದರ ತಿರುಳು ಮುಂಬಯಿಗೆ ಹೊಸದಲ್ಲ. ನೂರು ವರ್ಷಗಳಿಗೂ ಹಿಂದೆ ಈ ನಗರದ ಬೆನೆ ಇಸ್ರಾಯೇಲ್ ಯೆಹೂದ್ಯರಲ್ಲಿ ಇಂತಹ ಒಂದು ಪ್ರಯೋಗವು ನಡೆದುಹೋಗಿದೆ. ಅದಕ್ಕೆ ಹೆಸರಿರಲಿಲ್ಲ, ನಿಯಮಾವಳಿ ಇರಲಿಲ್ಲ. ಹಣವು ಬಹುಮಟ್ಟಿಗೆ ಹೊರಗಿನವರದು. ಅದರಲ್ಲಿಯೂ ಒಂದು ಪಾಲು ದಾನವಾಗಿರದೆ ಸಾಲವಾಗಿತ್ತು. ಆ ಪ್ರಯೋಗದ ಅತ್ಯುತ್ತಮ ಫಲವೆನ್ನಬಹುದಾದ ವ್ಯಕ್ತಿ ಹುಟ್ಟಿದುದು ಕನ್ನಡ ನಾಡಿನ ಶಿವಮೊಗ್ಗೆಯಲ್ಲಿ ಎಂಬುದು ಕನ್ನಡಿಗರು ಅರಿತಿರಬೇಕಾದ ಸಂಗತಿ.

ಬೆನೆ ಇಸ್ರಾಯೇಲರೆಂದರೆ 'ಇಸ್ರಾಯೇಲನ ಮಕ್ಕಳು'. ಕೊಂಕಣ ತೀರದಲ್ಲಿ, ಅಲಿಬಾಗಿನ ಸಮೀಪದ ನವಗಾಂವದ ಬಳಿ, ಹಡಗೊಡೆದು ದಡ ಸೇರಿದ ಏಳು ಜೋಡಿ ಸ್ತ್ರೀಪುರುಷರ ಸಂತತಿ ತಾವೆಂದು ಅವರ ಪರಂಪರೆಯು ಹೇಳುತ್ತದೆ. ಇದರ ಕಾಲನಿರ್ಣಯವನ್ನು ಪಂಡಿತರು ಮಾಡಿಕೊಳ್ಳಲಿ. ಇತಿಹಾಸಕ್ಕೆ ನಿಲುಕುವ ಹೊತ್ತಿಗೆ ಅವರು ಕೊಲಾಬಾ ಜಿಲ್ಲೆಯ ಹಳ್ಳಿಗಳಲ್ಲಿ ಗಾಣವಾಡಿಸುವ ಕಸುಬಿನವರಾಗಿ, ಮರಾಠಿ ಮಾತನಾಡುತ್ತ, ಊರ ಹೆಸರಿಗೆ 'ಕರ' ಎಂದು ಸೇರಿಸಿ ಮನೆತನದ ಹೆಸರನ್ನಿಟ್ಟುಕೊಂಡು ಬಾಳುತ್ತಿದ್ದರು. ಕಿಹೀಮದವರು ಕೆಹಿಮಕರ್, ರೋಹೆಯವರು ರೋಹೆಕರ್, ಪೇಣದವರು ಪೇಣಕರ್. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಹೀಬ್ರೂ ಭಾಷೆ ಮರೆತುಹೋಗಿತ್ತು; ಸಬ್ಬತ್ತು, ಸುನ್ನತಿ, ಆಹಾರನಿಯಮ, 'ಶೆಮಾ' ಎಂಬ ಒಂದು ಪ್ರಾರ್ಥನೆ ಉಳಿದಿದ್ದವು. ಒಂದು ಜನಾಂಗವು ತನ್ನತನವನ್ನು ಉಳಿಸಿಕೊಳ್ಳಲು ಎಷ್ಟು ಸ್ವಲ್ಪ ಸಾಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಅವರು ಮುಂಬಯಿಗೆ ಬರತೊಡಗಿದರು. ಕಂಪನಿಯ ಸೈನ್ಯ ಅವರ ಮೊದಲ ಆಶ್ರಯ. ಸಾಮಾಜಿ ಹಸಾಜಿ ದಿವೇಕರ್ ಎಂದು ಜನರು ಕರೆಯುತ್ತಿದ್ದ ಸಾಮ್ಯುಯೆಲ್ ಎಜೆಕಿಯೆಲ್ ಎಂಬ ಬೆನೆ ಇಸ್ರಾಯೇಲ್ ಸೈನ್ಯಾಧಿಕಾರಿಯು ಮೈಸೂರು ಯುದ್ಧದಲ್ಲಿ ಟೀಪು ಸುಲ್ತಾನನ ಸೆರೆಯಾಳಾದನು. ಸೆರೆಯವರು ಯಾವ ಜಾತಿಯೆಂದು ವಿಚಾರಿಸಿದಾಗ 'ಬನೀ ಇಸ್ರಾಯೀಲ್' ಎಂಬ ಉತ್ತರ ಬಂದಿತೆಂದೂ, ಕುರಾನಿನಲ್ಲಿ ಹೆಸರು ಬಂದಿರುವ ಜನರನ್ನು ಕೊಲ್ಲಬಾರದೆಂದು ಟೀಪುವಿನ ತಾಯಿ ತಡೆದಳೆಂದೂ ಆ ಸಮಾಜದಲ್ಲಿ ಐತಿಹ್ಯವಿದೆ. ಬಿಡುಗಡೆಯಾಗಿ ಬಂದ ದಿವೇಕರನು 1796ರಲ್ಲಿ ಮಾಂಡವಿಯಲ್ಲಿ ಪ್ರಾರ್ಥನಾಮಂದಿರವೊಂದನ್ನು ಕಟ್ಟಿಸಿದನು. ಅದು ಮುಂಬಯಿಯ ಮೊದಲನೆಯ ಸಿನಗಾಗ್. 'ಶಾರ್ ಹರಹಮೀಮ್', ಎಂದರೆ ಕರುಣೆಯ ಬಾಗಿಲು. ಜನಸಾಮಾನ್ಯರು ಅದನ್ನು 'ಜೂನಿ ಮಸೀದಿ' ಎಂದರು. ಅದರ ಬದಿಯ ರಸ್ತೆ ಸಾಮ್ಯುಯೆಲ್ ಸ್ಟ್ರೀಟ್ ಎನಿಸಿಕೊಂಡಿತು. ಮಸ್ಜಿದ್ ಬಂದರು ನಿಲ್ದಾಣಕ್ಕೆ ಆ ಹೆಸರು ಬಂದುದು ಈ ಯೆಹೂದ್ಯ ಮಂದಿರದಿಂದಲೇ ಎಂಬ ಹೇಳಿಕೆ ಬಹುಕಾಲದಿಂದ ಇದೆ. ದಿನವೂ ಆ ನಿಲ್ದಾಣದಲ್ಲಿ ಇಳಿದು ಮಾರುಕಟ್ಟೆಗೆ ಹೋಗುವ ಕನ್ನಡಿಗ ವರ್ತಕರು, ಗುಮಾಸ್ತರು ಆ ಹೆಸರಿನ ಹಿಂದೆ ಮೈಸೂರಿನ ಸೆರೆಮನೆಯ ನೆನಪು ಇದ್ದೀತೆಂದು ಎಣಿಸಿರಲಾರರು.

ಸೈನ್ಯದ ಬಳಿಕ ಕಾರಕೂನಿಕೆ ಬಂದಿತು. ರೈಲ್ವೆ, ಅಂಚೆ, ಸುಂಕ, ಲೋಕೋಪಯೋಗಿ ಇಲಾಖೆ, ಆಸ್ಪತ್ರೆಗಳಲ್ಲಿ ಬೆನೆ ಇಸ್ರಾಯೇಲರು ಸೇರಿಕೊಂಡರು. ವ್ಯಾಪಾರವು ಅವರ ಕೈ ಹಿಡಿಯಲಿಲ್ಲ. ಇಲ್ಲಿಯೇ ಅವರಿಗೂ ಅದೇ ನಗರದ ಇನ್ನೊಂದು ಯೆಹೂದ್ಯ ಸಮಾಜಕ್ಕೂ ಇರುವ ಅಂತರ ಕಾಣುತ್ತದೆ. 1832ರಲ್ಲಿ ಬಾಗದಾದಿನಿಂದ ಮುಂಬಯಿಗೆ ಬಂದ ಡೇವಿಡ್ ಸಾಸೂನನು ಅಫೀಮು, ಹತ್ತಿ, ಬಟ್ಟೆಗಳ ವ್ಯಾಪಾರದಿಂದ ಅಪಾರ ಧನವನ್ನು ಗಳಿಸಿದನು. ಬೈಕುಲ್ಲಾದ ಮಾಗೆನ್ ಡೇವಿಡ್ ಮಂದಿರ (1861), ಕಾಲಾಘೋಡಾದ ಡೇವಿಡ್ ಸಾಸೂನ್ ಗ್ರಂಥಾಲಯ, ಸಾಸೂನ್ ಡಾಕ್, ಕೋಟೆಯ ಕೆನೆಸೆತ್ ಎಲಿಯಾಹು ಮಂದಿರ (1884) ಇವೆಲ್ಲ ಆ ಮನೆತನದ ಹೆಸರನ್ನು ಉಳಿಸಿವೆ. ಬಾಗದಾದಿಗಳು ತಮ್ಮವರಿಗೆ ಶಾಲೆ, ಉದ್ಯೋಗ, ಬಡ್ಡಿಯಿಲ್ಲದ ನೆರವು ಎಲ್ಲವನ್ನೂ ಒದಗಿಸಿಕೊಂಡರು. ಬೆನೆ ಇಸ್ರಾಯೇಲರ ವಿಷಯದಲ್ಲಿ ಅವರ ಮನಸ್ಸು ಅಷ್ಟು ತೆರೆದಿರಲಿಲ್ಲ. ಇವರ ಯೆಹೂದ್ಯತ್ವ ಶುದ್ಧವೇ ಎಂಬ ಸಂದೇಹ ಸ್ಮಶಾನದ ಗೋಡೆಯವರೆಗೂ ಹೋಯಿತು. ಹೂಳುವ ಸ್ಥಳವನ್ನು ಬೇರ್ಪಡಿಸಬೇಕೆಂಬ ಬೇಡಿಕೆ 1836ರಷ್ಟು ಹಿಂದೆಯೇ ಬಂದಿತ್ತು. ಒಂದೇ ಧರ್ಮದ ಶ್ರೀಮಂತನ ಔದಾರ್ಯವು ಅದೇ ಧರ್ಮದ ಬಡವನಿಗೆ ತಾನಾಗಿ ಹರಿದುಬರುತ್ತದೆಂಬ ನಂಬಿಕೆ ಎಲ್ಲ ಕಾಲದಲ್ಲಿಯೂ ನಿಜವಾಗಿಲ್ಲ.

ಆದುದರಿಂದ ಬೆನೆ ಇಸ್ರಾಯೇಲರು ತಮ್ಮ ವಿದ್ಯೆಗೆ ಬೇರೆ ಬಾಗಿಲುಗಳನ್ನು ತಟ್ಟಬೇಕಾಯಿತು. ಮೊದಲು ತೆರೆದುದು ಕ್ರೈಸ್ತ ಮಿಷನರಿಗಳ ಬಾಗಿಲು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ನರು ಮುಂಬಯಿಯಲ್ಲಿ ಇವರ ಮಕ್ಕಳಿಗೆ ಇಂಗ್ಲಿಷ್, ಮರಾಠಿಗಳ ಜೊತೆಗೆ ಹೀಬ್ರೂ ಭಾಷೆಯನ್ನೂ ಕಲಿಸಿದರು. ಮತಾಂತರವೇ ಅವರ ಉದ್ದೇಶವಾಗಿದ್ದರೂ ಮತಾಂತರವಾದವರು ಅತಿ ವಿರಳ. ಮರೆತ ಧರ್ಮಭಾಷೆಯನ್ನು ಮಾತ್ರ ಮಕ್ಕಳು ಮನೆಗೆ ಕೊಂಡೊಯ್ದರು. ಮಿಷನರಿಗಳಿಗೆ ಇದು ಒಳ್ಳೆಯ ವ್ಯವಹಾರವೆನಿಸಿರಲಾರದು.

ಎರಡನೆಯ ಬಾಗಿಲನ್ನು ತೆರೆದವರು ಹಾಯೀಮ್ ಸಾಮ್ಯುಯೆಲ್ ಕೆಹಿಮಕರ್. ಸರಕಾರಿ ನೌಕರಿಯಲ್ಲಿದ್ದ ಈ ಗೃಹಸ್ಥರು 1875ರಲ್ಲಿ ಮುಂಬಯಿಯಲ್ಲಿ ಇಸ್ರಾಯೇಲೀ ಶಾಲೆಯನ್ನು ಸ್ಥಾಪಿಸಿದರು. ಸಮಾಜದ ಚಂದಾ ಸಾಲಲಿಲ್ಲ. 1871ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದ ಆಂಗ್ಲೋ-ಯೆಹೂದ್ಯ ಸಂಘವು ನೆರವು ಕೊಡಲು ಒಪ್ಪಿತು. ಅಂತರರಾಷ್ಟ್ರೀಯ ಯೆಹೂದ್ಯ ಸಹಾಯವು ಮುಂಬಯಿಯ ಗಾಣಿಗರ ಮೊಮ್ಮಕ್ಕಳನ್ನು ಮುಟ್ಟಿದುದು ಹೀಗೆ. ಕೆಹಿಮಕರರು ತಮ್ಮ ಜನರ ಇತಿಹಾಸವನ್ನೂ ಇಂಗ್ಲಿಷಿನಲ್ಲಿ ಬರೆದರು. 1897ರಲ್ಲಿ ಮುಗಿದ ಆ ಹಸ್ತಪ್ರತಿ ಅಚ್ಚಾದುದು 1937ರಲ್ಲಿ, ಅದೂ ಟೆಲ್ ಅವೀವಿನಲ್ಲಿ. ಲೇಖಕರು ಅದನ್ನು ಕಾಣಲಿಲ್ಲ. ಈ ಶಾಲೆಯೇ ಮುಂದೆ ಹಾಂಗ್‌ಕಾಂಗ್ ಮತ್ತು ಶಾಂಘಾಯಿಗಳ ಬಾಗದಾದಿ ಧನಿಕ ಎಲಿ ಕದೂರಿಯವರ ದಾನದಿಂದ 'ಸರ್ ಎಲಿ ಕದೂರಿ ಶಾಲೆ' ಎನಿಸಿಕೊಂಡಿತು. ಕದೂರಿಯವರು ತರುಣರಾಗಿದ್ದಾಗ ಸಾಸೂನರ ಕೋಠಿಯಲ್ಲಿ ಕೆಲಸ ಕಲಿತವರು. ಬಾಗದಾದಿಯ ಧನವು ಬೆನೆ ಇಸ್ರಾಯೇಲರ ಶಾಲೆಗೆ ಬರಲು ಎರಡು ತಲೆಮಾರುಗಳೂ ಚೀನಾದ ಸುತ್ತುಹಾದಿಯೂ ಬೇಕಾದವು.

ಶಾಲೆಯಿಂದ ಗುಮಾಸ್ತರು ಹುಟ್ಟುತ್ತಾರೆ, ಶಿಕ್ಷಕರೂ ಹುಟ್ಟುತ್ತಾರೆ. ಮುಂದಾಳುಗಳು ಹುಟ್ಟಲು ಇನ್ನೂ ಒಂದು ಮೆಟ್ಟಿಲು ಬೇಕಾಗಿತ್ತು. ಆ ಮೆಟ್ಟಿಲು ಡಾ. ಜೆರೂಶಾ ಝಿರಾಡ್ ಅವರ ಜೀವನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಶಿವಮೊಗ್ಗೆಯಲ್ಲಿ, ಬೆನೆ ಇಸ್ರಾಯೇಲ್ ಮನೆತನದಲ್ಲಿ, ಆಕೆ ಜನಿಸಿದರು. ವಿದ್ಯಾಭ್ಯಾಸ ನಡೆದುದು ಪುಣೆಯ ಕನ್ಯಾಶಾಲೆಯಲ್ಲಿ. ಬಾಲ್ಯದಲ್ಲಿ ಸೋದರಿಯೊಬ್ಬರು ತೀವ್ರವಾದ ಕಾಯಿಲೆಯಿಂದ ಮುಂಬಯಿಯ ಕಾಮಾ ಆಸ್ಪತ್ರೆಗೆ ಸೇರಿ, ಅಲ್ಲಿಯ ಮುಖ್ಯಸ್ಥೆ ಡಾ. ಆನೆಟ್ ಬೆನ್ಸನ್ ಅವರ ಚಿಕಿತ್ಸೆಯಿಂದ ಗುಣಹೊಂದಿದರು. ತಾನೂ ವೈದ್ಯಳಾಗಬೇಕು, ಅದೇ ಆಸ್ಪತ್ರೆಯ ಆಡಳಿತವನ್ನು ವಹಿಸಬೇಕು ಎಂಬ ಸಂಕಲ್ಪವನ್ನು ಹುಡುಗಿ ಆಗಲೇ ಮಾಡಿದಳೆಂದು ಹೇಳುತ್ತಾರೆ. ಮಹಾಪುರುಷರ ಬಾಲ್ಯದ ಸಂಕಲ್ಪಗಳನ್ನು ಜೀವನಚರಿತ್ರಕಾರರು ಮುಂದೆ ಜೋಡಿಸುವುದುಂಟು; ಇಲ್ಲಿ ಮಾತ್ರ ಘಟನೆಗಳು ಆ ಸಂಕಲ್ಪದ ಹಾದಿಯಲ್ಲಿಯೇ ನಡೆದವೆಂಬುದನ್ನು ಒಪ್ಪಬೇಕಾಗುತ್ತದೆ.

ಕಾಮಾ ಆಸ್ಪತ್ರೆಯ ಹುಟ್ಟನ್ನೂ ಇಲ್ಲಿ ನೆನೆಯಬೇಕು. ಪುರುಷವೈದ್ಯರ ಬಳಿ ಹೋಗಲಾರದ ಹೆಂಗಸರಿಗಾಗಿ, ಹೆಂಗಸರೇ ನಡೆಸುವ ಆಸ್ಪತ್ರೆಯೊಂದು ಬೇಕೆಂದು 1880ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಒಂದು ನಿಧಿ ಏರ್ಪಟ್ಟಿತು. ಅದರ ಹಿಂದೆ ಇದ್ದವರು ಅಮೆರಿಕದ ವರ್ತಕ ಜಾರ್ಜ್ ಕಿಟ್ರೆಜ್ ಮತ್ತು ಪಾರಸಿ ಸುಧಾರಕ ಸೊರಾಬಜಿ ಶಾಪುರಜಿ ಬೆಂಗಾಲಿ. ಕಟ್ಟಡಕ್ಕೆ ಧನ ಕೊಟ್ಟವರು ಪೆಸ್ತೊನಜಿ ಹೊರ್ಮಸಜಿ ಕಾಮಾ. 1886ರಲ್ಲಿ ಆಸ್ಪತ್ರೆ ತೆರೆಯಿತು. ಒಬ್ಬ ಯೆಹೂದ್ಯ ಬಾಲಿಕೆಯ ಮುಂದೆ ಇಂಗ್ಲಿಷ್ ವೈದ್ಯೆಯೊಬ್ಬರು ಆದರ್ಶವಾಗಿ ನಿಂತುದು ಪಾರಸಿ ದಾನದಿಂದ ಕಟ್ಟಿದ ಮನೆಯಲ್ಲಿ. ಮುಂಬಯಿಯನ್ನು ಹೊರತುಪಡಿಸಿ ಇಂತಹ ಕೂಟ ಬೇರೆಲ್ಲಿ ಸಾಧ್ಯವಾಗುತ್ತಿತ್ತೋ ಹೇಳುವುದು ಕಷ್ಟ.

ಜೆರೂಶಾ ಅವರು 1912ರಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜಿನಿಂದ ಎಲ್.ಎಂ.ಎಸ್. ಪದವಿಯನ್ನು ಪಡೆದರು. ಆ ಪದವಿಯಿಂದ ಖಾಸಗಿ ವೃತ್ತಿ ನಡೆಸಬಹುದಾಗಿತ್ತು. ಕಾಮಾ ಆಸ್ಪತ್ರೆಯ ಮೇಲಿನ ಹುದ್ದೆ ಸಿಕ್ಕುವಂತಿರಲಿಲ್ಲ. ಅದಕ್ಕೆ ವಿಲಾಯಿತಿ ಪದವಿ ಬೇಕು, ವಿಲಾಯಿತಿಗೆ ಹಣ ಬೇಕು. ವಿದೇಶದ ಓದಿಗೆ ಸರಕಾರವು ಕೊಡುತ್ತಿದ್ದ ವೇತನವು ಅದುವರೆಗೆ ಯಾವ ಮಹಿಳೆಗೂ ದೊರೆತಿರಲಿಲ್ಲ. ಆಗ ಒದಗಿದುದು ಟಾಟಾ ಅವರ ಸಾಲರೂಪದ ವಿದ್ಯಾರ್ಥಿವೇತನ.

ಈ ಟಾಟಾ ನಿಧಿಯ ಸ್ವರೂಪವು ವಿಚಾರಾರ್ಹವಾದುದು. ಜಮಶೇಟಜಿ ಟಾಟಾ ಅವರು 1892ರಲ್ಲಿ ಇದನ್ನು ಸ್ಥಾಪಿಸಿದಾಗ ದಾನಕ್ಕೆ ಬದಲಾಗಿ ಸಾಲವನ್ನು ಕೊಡಬೇಕೆಂದು ನಿಶ್ಚಯಿಸಿದರು. ಓದು ಮುಗಿದು ಸಂಪಾದನೆ ಆರಂಭವಾದ ಮೇಲೆ ವಿದ್ಯಾರ್ಥಿಯು ಹಣವನ್ನು ಹಿಂದಿರುಗಿಸಬೇಕು. ಹಿಂದಿರುಗಿದ ಹಣದಿಂದ ಮತ್ತೊಬ್ಬನು ಓದಬೇಕು. ಸಾಮಾನ್ಯ ಸಾಲಕ್ಕೆ ಅಡವು ಬೇಕು, ಆಸ್ತಿ ಬೇಕು. ಇಲ್ಲಿ ಅಡವು ಇಟ್ಟುದು ವಿದ್ಯಾರ್ಥಿಯ ಮುಂದಿನ ದುಡಿಮೆಯನ್ನು, ಎಂದರೆ ಇನ್ನೂ ಇಲ್ಲದುದನ್ನು. ಲೇವಾದೇವಿಯ ಕಣ್ಣಿನಿಂದ ನೋಡಿದರೆ ಇದು ಅಪಾಯದ ಸಾಲವೇ ಸರಿ. ಆದರೆ ಇದರಲ್ಲಿ ಎರಡು ಗುಣಗಳಿದ್ದವು. ಸಾಲ ಪಡೆದವರು ಯಾರ ಮುಂದೆಯೂ ಕೈಯೊಡ್ಡಿದವರಾಗುತ್ತಿರಲಿಲ್ಲ. ಸಾಲವನ್ನು ತೀರಿಸಲು ದುಡಿಯಲೇಬೇಕಾದುದರಿಂದ, ಕಲಿತ ವಿದ್ಯೆ ಮೂಲೆ ಸೇರುವ ಸಂಭವ ಕಡಿಮೆಯಾಗಿತ್ತು. ಹುಡುಗಿಯರ ವಿಷಯದಲ್ಲಿ ಈ ಎರಡನೆಯ ಗುಣದ ಬೆಲೆ ಹೆಚ್ಚು. ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಮದುವೆಯಾಗಿ ಹೋಗುವುದು ಆಗ ಸಾಮಾನ್ಯವಾಗಿತ್ತು. ನಿಧಿಯ ಮೊಟ್ಟಮೊದಲ ಫಲಾನುಭವಿಗಳು ಇಬ್ಬರು ವೈದ್ಯೆಯರೆಂಬುದು ಗಮನಾರ್ಹ: ಮುಂಬಯಿಯ ಫ್ರೇನಿ ಕಾಮಾ ಮತ್ತು ಕೊಲ್ಲಾಪುರದ ಕೃಷ್ಣಾಬಾಯಿ ಕೆಳವಕರ್. ಮುಂದೆ ತುಮಕೂರು ಸೀಮೆಯ ರಾಜಾ ರಾಮಣ್ಣನವರೂ ಲಂಡನ್ನಿನಲ್ಲಿ ಭೌತವಿಜ್ಞಾನವನ್ನು ಓದಿದುದು ಇದೇ ನಿಧಿಯ ವಿದ್ಯಾರ್ಥಿಯಾಗಿ. ಜಾತಿಮತಗಳನ್ನು ಕೇಳದ ಈ ಸಾಲದಿಂದ ಒಬ್ಬ ಕ್ಷುದ್ರಸಂಖ್ಯಾತ ಸಮಾಜದ ಹುಡುಗಿಗೆ, ಅವಳ ಸ್ವಧರ್ಮದ ಕೋಟ್ಯಧೀಶರಿಂದ ದೊರೆಯದ ಅವಕಾಶವು ದೊರೆಯಿತು.

ಲಂಡನ್ನಿನ ಮಹಿಳಾ ವೈದ್ಯಕೀಯ ವಿದ್ಯಾಲಯದಲ್ಲಿ ಆಕೆ ಓದುತ್ತಿದ್ದಾಗ ಮೊದಲನೆಯ ಮಹಾಯುದ್ಧ ನಡೆದಿತ್ತು. ಆ ಸಮಯದಲ್ಲಿ ಭಾರತ ಸರಕಾರವು ತನ್ನ ನಿಯಮವನ್ನು ಸಡಿಲಿಸಿ ಆಕೆಗೆ ವಿದ್ಯಾರ್ಥಿವೇತನವನ್ನು ಕೊಟ್ಟಿತು. ಸರಕಾರದ ಈ ವೇತನವನ್ನು ಪಡೆದು ವಿಲಾಯಿತಿಯಲ್ಲಿ ಓದಿದ ಮೊದಲನೆಯ ಮಹಿಳೆ ಆಕೆಯೇ. ಸಾಲವು ಮೊದಲು ಬಂದು ಅರ್ಹತೆಯನ್ನು ಸಿದ್ಧಪಡಿಸಿತು. ದಾನವು ಹಿಂದಿನಿಂದ ಬಂದು ಅದನ್ನು ಅಂಗೀಕರಿಸಿತು. ಸಂಸ್ಥೆಗಳ ಇತಿಹಾಸದಲ್ಲಿ ಈ ಕ್ರಮ ಅಪರೂಪವೇನಲ್ಲ. 1919ರಲ್ಲಿ ಆಕೆ ಪ್ರಸೂತಿ ಮತ್ತು ಸ್ತ್ರೀರೋಗಗಳ ಶಾಸ್ತ್ರದಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿಯನ್ನು ಪಡೆದರು.

ಹಿಂದಿರುಗಿದ ಮೇಲೆ ದೆಹಲಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಅಲ್ಪಕಾಲವೂ, ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ ಕೆಲವು ವರ್ಷಗಳೂ ಸೇವೆ ಸಲ್ಲಿಸಿದರು. ಹುಟ್ಟಿದ ನಾಡಿಗೆ ಆಕೆ ಸಲ್ಲಿಸಿದ ಕಾಣಿಕೆಯೆಂದು ಈ ಬೆಂಗಳೂರಿನ ವರ್ಷಗಳನ್ನು ಎಣಿಸಬಹುದು. ಕರ್ನಾಟಕದ ವೈದ್ಯಕೀಯ ಇತಿಹಾಸವನ್ನು ಬರೆಯುವವರು ಅವುಗಳನ್ನು ಮರೆಯಬಾರದು. 1920ರ ದಶಕದ ನಡುವೆ ಮುಂಬಯಿಗೆ ಬಂದು ಕಾಮಾ ಆಸ್ಪತ್ರೆಯಲ್ಲಿ ಗೌರವ ಶಸ್ತ್ರವೈದ್ಯೆಯಾದರು. ಆ ದಶಕದ ಕೊನೆಯಲ್ಲಿ ಅದರ ಆಡಳಿತವೇ ಆಕೆಯ ಕೈಗೆ ಬಂದಿತು. 1947ರ ವರೆಗೆ ಅದನ್ನು ನಡೆಸಿದರು.

ಆಕೆಯ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳದ್ದು ಶಸ್ತ್ರಚಿಕಿತ್ಸೆಗಿಂತ ಲೆಕ್ಕದ್ದು ಎಂದರೆ ಕೆಲವರಿಗೆ ಅಚ್ಚರಿಯಾದೀತು. 1930ರ ದಶಕದ ಉತ್ತರಾರ್ಧದಲ್ಲಿ ಮುಂಬಯಿ ನಗರದಲ್ಲಿ ಬಸಿರು, ಬಾಣಂತನಗಳಲ್ಲಿ ಸಾಯುವ ಹೆಂಗಸರ ಸಾವಿನ ಕಾರಣಗಳನ್ನು ಒಂದೊಂದಾಗಿ ವಿಚಾರಿಸುವ ತನಿಖೆಯನ್ನು ಆಕೆ ನಡೆಸಿದರು. 1941ರಲ್ಲಿ ಅದರ ವರದಿ ಪ್ರಕಟವಾಯಿತು. ಬಾಣಂತಿಯ ಸಾವನ್ನು ಹಣೆಬರಹವೆಂದು ಬಿಟ್ಟುಬಿಡುತ್ತಿದ್ದ ನಗರದಲ್ಲಿ, ಪ್ರತಿಯೊಂದು ಸಾವಿಗೂ ಕಾರಣವನ್ನು ಕೇಳುವ ಈ ಕ್ರಮ ದೊಡ್ಡ ಹೆಜ್ಜೆಯಾಗಿತ್ತು. ಚಾಳಿನ ಕತ್ತಲೆ ಕೋಣೆಯಲ್ಲಿ ಸತ್ತವಳ ಹೆಸರನ್ನು ಕೇಳುವವರು ಅದುವರೆಗೆ ಇರಲಿಲ್ಲ. ವೈದ್ಯೆಯರ ಅಖಿಲ ಭಾರತ ಸಂಘದ ಅಧ್ಯಕ್ಷತೆಯನ್ನೂ ಆಕೆ ವಹಿಸಿದರು. ಬ್ರಿಟಿಷ್ ಸರಕಾರವು ಎಂ.ಬಿ.ಇ. ಬಿರುದನ್ನೂ ಸ್ವತಂತ್ರ ಭಾರತವು 1966ರಲ್ಲಿ ಪದ್ಮಶ್ರೀಯನ್ನೂ ಕೊಟ್ಟು ಆಕೆಯನ್ನು ಗೌರವಿಸಿದವು.

ಇಷ್ಟರಲ್ಲಿ ಸಮಾಜಕ್ಕೆ ಬಂದುದೇನು ಎಂಬ ಪ್ರಶ್ನೆ ಏಳುತ್ತದೆ. ಟಾಟಾ ನಿಧಿಗೆ ಸಲ್ಲಬೇಕಾದುದು ರೂಪಾಯಿ ಆಣೆಗಳಲ್ಲಿತ್ತು. ಬೆನೆ ಇಸ್ರಾಯೇಲ್ ಸಮಾಜವು ಹಣವನ್ನು ಕೊಟ್ಟಿರಲಿಲ್ಲವಾದುದರಿಂದ ಕೇಳುವ ಹಕ್ಕು ಅದಕ್ಕೆ ಇರಲಿಲ್ಲ. ಆದರೂ ಅದು ಪಡೆದುದು ಕಡಿಮೆಯಲ್ಲ. ಲಂಡನ್ನಿನಲ್ಲಿದ್ದಾಗ ಡಾ. ಝಿರಾಡ್ ಅವರಿಗೆ ಕ್ಲಾಡ್ ಮಾಂಟಿಫಿಯೋರ್ ಮತ್ತು ಲಿಲಿ ಮಾಂಟೆಗ್ಯು ಅವರ ಪರಿಚಯವಾಯಿತು. ಇಂಗ್ಲೆಂಡಿನ ಉದಾರ ಯೆಹೂದ್ಯ ಚಳವಳಿಯ ಮುಂದಾಳುಗಳಾದ ಇವರು ಧರ್ಮದ ವಿಧಿಗಳಿಗಿಂತ ಅದರ ನೀತಿಗೆ ಪ್ರಾಶಸ್ತ್ಯ ಕೊಡುವವರು. ಮಂದಿರದಲ್ಲಿ ಸ್ತ್ರೀಪುರುಷರಿಗೆ ಸಮಾನ ಸ್ಥಾನವಿರಬೇಕೆಂಬವರು. ಲಿಲಿ ಮಾಂಟೆಗ್ಯು ಅವರು ತಾವೇ ಧರ್ಮಪ್ರವಚನ ಮಾಡುತ್ತಿದ್ದರು. ಶತಮಾನಗಳಿಂದ ಮಂದಿರದ ಮಾಳಿಗೆಯಲ್ಲಿ ಕುಳಿತು ಪ್ರಾರ್ಥನೆಯನ್ನು ಕೇಳಿದ ಹೆಂಗಸರ ಸಮಾಜದಿಂದ ಬಂದ ತರುಣಿಗೆ ಇದು ಎಷ್ಟು ದೊಡ್ಡ ದರ್ಶನವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. 1925ರಲ್ಲಿ ಮುಂಬಯಿಯಲ್ಲಿ ಯೆಹೂದ್ಯ ಧಾರ್ಮಿಕ ಸಂಘವು ಸ್ಥಾಪಿತವಾದಾಗ ಅದರ ಪ್ರೇರಕರಲ್ಲಿ ಆಕೆ ಅಗ್ರಗಣ್ಯರಾಗಿದ್ದರು. ಮರುವರ್ಷ ಲಂಡನ್ನಿನಲ್ಲಿ ಪ್ರಗತಿಪರ ಯೆಹೂದ್ಯ ಧರ್ಮದ ವಿಶ್ವ ಒಕ್ಕೂಟವು ಹುಟ್ಟಿತು; ಮುಂಬಯಿಯ ಸಂಘವು ಅದರೊಡನೆ ಸೇರಿಕೊಂಡಿತು. ಈ ಸಂಘದ ಮಂದಿರವೇ ಬೈಕುಲ್ಲಾದ ರೋಡೆಫ್ ಶಾಲೋಮ್.

ಹಳಬರಿಗೆ ಇದು ಹಿಡಿಸಲಿಲ್ಲ. ಸಂಪ್ರದಾಯವನ್ನು ತಕ್ಕಷ್ಟು ಕಷ್ಟಪಟ್ಟು ಮರಳಿ ಕಲಿತ ಜನಾಂಗಕ್ಕೆ ಅದನ್ನು ಸಡಿಲಿಸುವ ಉಪದೇಶ ರುಚಿಸದಿದ್ದುದು ಆಶ್ಚರ್ಯವಲ್ಲ. ತಮ್ಮ ಶುದ್ಧಿಯನ್ನು ಬಾಗದಾದಿಗಳು ಸಂದೇಹಿಸುತ್ತಿದ್ದಾಗ, ಶಾಸ್ತ್ರದ ಬಿಗಿ ಅವರಿಗೆ ರಕ್ಷಾಕವಚವಾಗಿತ್ತು. ಆದುದರಿಂದ ಉದಾರ ಸಂಘವು ವಿದ್ಯಾವಂತರ ಸಣ್ಣ ವಲಯವಾಗಿಯೇ ಉಳಿಯಿತು. ಅದರ ಸಂಖ್ಯೆಯನ್ನು ನೋಡಿ ಪ್ರಯೋಗ ಸೋತಿತೆಂದು ತೀರ್ಪು ಕೊಡುವುದು ನ್ಯಾಯವಲ್ಲ. ವಿದ್ಯಾವೇತನದಿಂದ ಹೊರಗೆ ಹೋದವರು ಪದವಿಯನ್ನು ಮಾತ್ರ ತರುವುದಿಲ್ಲ, ಕಳುಹಿಸಿದವರು ಕೇಳದಿದ್ದ ವಿಚಾರವನ್ನೂ ತರುತ್ತಾರೆ. ಸಮಾಜವು ಅದಕ್ಕೆ ಸಿದ್ಧವಿರಲಿ, ಇಲ್ಲದಿರಲಿ, ವಿಚಾರವು ಮನೆಯೊಳಗೆ ಬಂದು ಕುಳಿತಿರುತ್ತದೆ.

ಇದೇ ತಲೆಮಾರಿನ ರೆಬೆಕಾ ರೂಬೆನ್ ಅವರ ಹಾದಿ ಸ್ವಲ್ಪ ಬೇರೆ. 1905ರ ಮುಂಬಯಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೊದಲ ಸ್ಥಾನವನ್ನು ಪಡೆದ ಈ ಮಹಿಳೆ ಇಂಗ್ಲೆಂಡಿನಲ್ಲಿ ಶಿಕ್ಷಣಶಾಸ್ತ್ರವನ್ನು ಓದಿ ಬಂದರು. 1917ರಿಂದ 1920ರ ವರೆಗೆ ಬೆನೆ ಇಸ್ರಾಯೇಲರ ವಾರ್ಷಿಕ ಸಂಚಿಕೆಯನ್ನು ಸಂಪಾದಿಸಿದರು. 1922ರಲ್ಲಿ ಕೆಹಿಮಕರರ ಶಾಲೆಯ ಮುಖ್ಯಾಧ್ಯಾಪಿಕೆಯಾಗಿ 1950ರ ವರೆಗೆ ಅದನ್ನು ನಡೆಸಿದರು. ಝಿರಾಡ್ ಅವರು ನಗರಕ್ಕೆ ಸೇರಿದರೆ ರೂಬೆನ್ ಅವರು ಸಮಾಜದೊಳಗೆ ಉಳಿದರು. ಪುರುಷರಲ್ಲಿ ವೈದ್ಯ ಅಬ್ರಹಾಂ ಎರುಲಕರ್ ಅವರು ಗಾಂಧೀಜಿಯವರ ಚಿಕಿತ್ಸಕರಲ್ಲಿ ಒಬ್ಬರಾಗಿದ್ದರು. ಅವರ ಸೋದರ ಡೇವಿಡ್ ಎರುಲಕರ್ 1916ರ ಮೊಕದ್ದಮೆಯಲ್ಲಿ ತಿಲಕರ ಪರವಾಗಿ ಜಿನ್ನಾ ಅವರೊಡನೆ ನಿಂತ ವಕೀಲರು. ಡಾ. ಎಲೈಜಾ ಮೋಸೆಸ್ 1937ರಲ್ಲಿ ಮುಂಬಯಿಯ ಮಹಾಪೌರರಾದರು. ಮಹಾಲಕ್ಷ್ಮಿ, ವರಳಿಗಳ ಕಡೆ ಹೋಗುವವರಿಗೆ ಡಾ. ಇ. ಮೋಸೆಸ್ ರಸ್ತೆ ಪರಿಚಿತ. ಕೆಲವೇ ಸಾವಿರ ಜನರ ಸಮಾಜವೊಂದು ಒಂದೇ ತಲೆಮಾರಿನಲ್ಲಿ ಇಷ್ಟು ಜನರನ್ನು ನಗರಕ್ಕೆ ಕೊಟ್ಟುದು ಸಾಮಾನ್ಯ ಸಂಗತಿಯಲ್ಲ.

ಮುಂಬಯಿಯ ಕನ್ನಡಿಗರ ಅನುಭವವು ಇಲ್ಲಿ ಹೋಲಿಕೆಗೆ ಬರುತ್ತದೆ. ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ದಕ್ಷಿಣ ಕನ್ನಡದ ಹುಡುಗರು ಇರುಳಿನಲ್ಲಿ ಓದುವುದಕ್ಕೆಂದು ಇಪ್ಪತ್ತನೆಯ ಶತಮಾನದ ಆರಂಭದಿಂದ ಕೋಟೆ ಪ್ರದೇಶದಲ್ಲಿ ರಾತ್ರಿ ಶಾಲೆಗಳು ಹುಟ್ಟಿದವು. ಜಾತಿಸಂಘಗಳು ಅವುಗಳಿಗೆ ಆಧಾರವಾದವು. ಅವು ನಗರಕ್ಕೆ ಗುಮಾಸ್ತರನ್ನು, ವಕೀಲರನ್ನು, ಬ್ಯಾಂಕಿನ ಅಧಿಕಾರಿಗಳನ್ನು ಕೊಟ್ಟವು. ಒಂದು ಭೇದ ಮಾತ್ರ ಎದ್ದು ಕಾಣುತ್ತದೆ: ಆ ರಾತ್ರಿ ಶಾಲೆಗಳ ಬೆಂಚುಗಳ ಮೇಲೆ ಹುಡುಗಿಯರಿರಲಿಲ್ಲ. ಬೆನೆ ಇಸ್ರಾಯೇಲರ ಮುಂದಾಳುಗಳ ಪಟ್ಟಿಯಲ್ಲಿ ಇಬ್ಬರು ಸ್ತ್ರೀಯರು ಪುರುಷರಿಗೆ ಸರಿಸಮನಾಗಿ ನಿಲ್ಲುವುದನ್ನು ಕಂಡಾಗ ಈ ಕೊರತೆಯ ಅಳತೆ ತಿಳಿಯುತ್ತದೆ.

1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾಯಿತು. ಅಲ್ಲಿಂದ ಈ ಇತಿಹಾಸದ ದಿಕ್ಕು ಬದಲಾಗುತ್ತದೆ. ಇಪ್ಪತ್ತು ಸಾವಿರಕ್ಕೂ ಮೇಲಿದ್ದ ಭಾರತದ ಯೆಹೂದ್ಯರಲ್ಲಿ ಬಹುಪಾಲು ಜನ ಮುಂದಿನ ಎರಡು ಮೂರು ದಶಕಗಳಲ್ಲಿ ದೇಶ ಬಿಟ್ಟರು; ಇಪ್ಪತ್ತೊಂದನೆಯ ಶತಮಾನದ ಜನಗಣತಿಗಳಲ್ಲಿ ಉಳಿದವರು ನಾಲ್ಕರಿಂದ ಐದು ಸಾವಿರ. ಯಾರೂ ಅವರನ್ನು ಓಡಿಸಲಿಲ್ಲ ಎಂಬುದು ಭಾರತಕ್ಕೆ ಗೌರವ ತರುವ ಮಾತು. ಆದರೂ ಅವರು ಹೋದರು. ಬೆರ್ಷೆಬಾ, ದಿಮೋನಾಗಳಂತಹ ಮರಳುಗಾಡಿನ ಊರುಗಳಲ್ಲಿ ನೆಲೆಸಿದರು. ಅಲ್ಲ ಕೂಡ ಅವರ ಯೆಹೂದ್ಯತ್ವದ ಪ್ರಶ್ನೆಯನ್ನು ಧರ್ಮಾಧಿಕಾರಿಗಳು ಎತ್ತಿದರು. ದೀರ್ಘ ಹೋರಾಟದ ಬಳಿಕ 1964ರಲ್ಲಿ ಅದು ಇತ್ಯರ್ಥವಾಯಿತು. ಬಾಗದಾದಿಗಳ ಸ್ಮಶಾನದ ಗೋಡೆ ಸಮುದ್ರವನ್ನು ದಾಟಿ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿದ್ದಿತು.

ಅದೇ 1948ರಲ್ಲಿ ಇನ್ನೊಬ್ಬ ಬೆನೆ ಇಸ್ರಾಯೇಲ್ ತರುಣ ಲಂಡನ್ನಿಗೆ ಹಡಗು ಹತ್ತಿದನು. ವಿಲ್ಸನ್ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರ ಮಗ ನಿಸ್ಸಿಮ್ ಎಜೆಕಿಯೆಲ್. ಆತನಿಗೆ ಟಾಟಾ ನಿಧಿಯೂ ಇಲ್ಲ, ಸರಕಾರದ ವೇತನವೂ ಇಲ್ಲ. ಹಡಗಿನ ದರವನ್ನು ಕೊಟ್ಟವನು ರಂಗಭೂಮಿಯ ಗೆಳೆಯ ಇಬ್ರಾಹಿಂ ಅಲ್ಕಾಜಿ, ಅರಬ್ ಮೂಲದ ಮುಸಲ್ಮಾನ. ಪ್ಯಾಲೆಸ್ಟೈನಿನಲ್ಲಿ ಅರಬರೂ ಯೆಹೂದ್ಯರೂ ಕಾದುತ್ತಿದ್ದ ವರ್ಷದಲ್ಲಿ ಮುಂಬಯಿಯಲ್ಲಿ ನಡೆದ ವ್ಯವಹಾರ ಇದು. 1952ರಲ್ಲಿ ಎಜೆಕಿಯೆಲ್ಲರು ಸರಕು ಹಡಗಿನಲ್ಲಿ ಕೂಲಿ ಮಾಡುತ್ತ ಮರಳಿ ಬಂದರು. ಮಿಠೀಬಾಯಿ ಕಾಲೇಜಿನಲ್ಲಿಯೂ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳಿದರು. ಭಾರತೀಯ ಇಂಗ್ಲಿಷ್ ಕಾವ್ಯದ ಒಂದು ತಲೆಮಾರನ್ನೇ ಬೆಳೆಸಿದರು. ತಮ್ಮವರೆಲ್ಲ ಹೊರಡುತ್ತಿದ್ದ ಕಾಲದಲ್ಲಿ ಅವರು ಮುಂಬಯಿಯನ್ನು ಬಿಡಲಿಲ್ಲ. 2004ರಲ್ಲಿ ಇಲ್ಲಿಯೇ ತೀರಿಕೊಂಡರು.

ಉಳಿದ ಸಣ್ಣ ಸಮಾಜಕ್ಕೆ ಹೊರದೇಶದ ಯೆಹೂದ್ಯ ಸಂಸ್ಥೆಗಳ ನೆರವು 1960ರ ದಶಕದಿಂದ ಹೆಚ್ಚಾಗಿ ಬರತೊಡಗಿತು. ಕೈಕಸುಬುಗಳನ್ನು ಕಲಿಸುವ ಓ.ಆರ್.ಟಿ. ಸಂಸ್ಥೆ ಮುಂಬಯಿಯಲ್ಲಿ ಶಾಲೆ ತೆರೆಯಿತು. 1914ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಜಾಯಿಂಟ್' ಎಂಬ ಪರಿಹಾರ ಸಂಸ್ಥೆಯು ಮುದುಕರಿಗೆ ನೆರವು, ಮಕ್ಕಳಿಗೆ ಶಿಬಿರ, ಸಮಾಜಕ್ಕೊಂದು ಕೇಂದ್ರ ಇವನ್ನು ಒದಗಿಸಿತು. ಇವುಗಳ ಉಪಕಾರವನ್ನು ಕಡೆಗಣಿಸುವಂತಿಲ್ಲ. ಆದರೆ ಸ್ವಭಾವದಲ್ಲಿ ಇವು ಟಾಟಾ ನಿಧಿಗಿಂತ ಬೇರೆ. ಇವು ಯೆಹೂದ್ಯರಿಂದ ಯೆಹೂದ್ಯರಿಗೆ ಬಂದುವು; ಮರಳಿಸುವ ಹೊಣೆ ಇಲ್ಲದುವು; ಕಲಿತ ಹುಡುಗನ ಮುಂದೆ ವಿಮಾನದ ದಾರಿ ತೆರೆದೇ ಇತ್ತು. ಕಸುಬು ಕಲಿತವರಲ್ಲಿ ಅನೇಕರು ಅದನ್ನು ಇಸ್ರೇಲಿನಲ್ಲಿ ಬಳಸಿದರು. ಅವರನ್ನು ದೂರುವ ಅಧಿಕಾರ ಯಾರಿಗೂ ಇಲ್ಲ, ಊರು ಬಿಟ್ಟು ಮುಂಬಯಿಗೆ ಬಂದವರಿಗಂತೂ ಖಂಡಿತವಾಗಿ ಇಲ್ಲ.

ಇಪ್ಪತ್ತೊಂದನೆಯ ಶತಮಾನದಲ್ಲಿ ಪ್ರವಾಹವು ಮತ್ತೊಮ್ಮೆ ತಿರುಗಿರುವುದು ವಿನೋದವೂ ವಿಚಾರಾರ್ಹವೂ ಆದ ಸಂಗತಿ. 'ಜಾಯಿಂಟ್' ಸಂಸ್ಥೆಯ 'ಎಂಟ್ವೈನ್' ಶಾಖೆಯು ತನ್ನ ಫೆಲೋಶಿಪ್‌ಗಳಿಂದ ಪಾಶ್ಚಾತ್ಯ ದೇಶಗಳ ತರುಣ ಯೆಹೂದ್ಯರನ್ನು ಮುಂಬಯಿಗೆ ಕಳುಹಿಸಿತು. 2012ರಲ್ಲಿ ಆರಂಭವಾದ 'ಗೇಬ್ರಿಯಲ್ ಪ್ರಾಜೆಕ್ಟ್ ಮುಂಬಯಿ' ಎಂಬ ಸಂಸ್ಥೆಯು ಅಂತಹ ತರುಣರನ್ನು ಠಾಣೆಯ ಬಳಿಯ ಕಳವಾದ ಝೋಪಡಪಟ್ಟಿಗಳಲ್ಲಿ, ಯೆಹೂದ್ಯರಲ್ಲದ ಬಡಮಕ್ಕಳಿಗೆ ಪಾಠ ಹೇಳುವ, ಊಟ ಹಂಚುವ ಕೆಲಸಕ್ಕೆ ಹಚ್ಚಿತು. ಮುಂದಾಳುತನವನ್ನು ಕಲಿಯಲು ಮುಂಬಯಿಯಿಂದ ಲಂಡನ್ನಿಗೆ ಹೋಗುತ್ತಿದ್ದ ಕಾಲ ಹೋಗಿ, ಅದೇ ಪಾಠಕ್ಕಾಗಿ ಅಲ್ಲಿಯವರು ಮುಂಬಯಿಗೆ ಬರುವ ಕಾಲ ಬಂದಿತು. ಆ ತರುಣರು ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷ, ಇದ್ದು ಹಿಂದಿರುಗುತ್ತಾರೆ. ಅವರು ಇಲ್ಲಿಂದ ಏನನ್ನು ಒಯ್ದರು ಎಂಬುದನ್ನು ತಿಳಿಯಲು ಅವರ ಊರುಗಳ ಮುಂದಿನ ಇತಿಹಾಸವನ್ನು ನೋಡಬೇಕು. ಝಿರಾಡ್ ಅವರು ಲಂಡನ್ನಿನಿಂದ ತಂದುದನ್ನು ಮುಂಬಯಿಯ ಇತಿಹಾಸದಲ್ಲಿ ನೋಡುವಂತೆ.

2016ರಲ್ಲಿ ಮಹಾರಾಷ್ಟ್ರ ಸರಕಾರವು ಯೆಹೂದ್ಯರಿಗೆ ಅಲ್ಪಸಂಖ್ಯಾತರ ಸ್ಥಾನವನ್ನು ಕೊಟ್ಟಿತು. ಅದರಿಂದ ಅವರ ಮಕ್ಕಳಿಗೆ ಸರಕಾರದ ವಿದ್ಯಾರ್ಥಿವೇತನಗಳನ್ನು ಬೇಡುವ ದಾರಿ ತೆರೆಯಿತು. ಬೇಡುವ ಮಕ್ಕಳು ಮಾತ್ರ ಕೆಲವೇ. ಕೆಹಿಮಕರರು ಸ್ಥಾಪಿಸಿ, ಲಂಡನ್ನಿನ ಸಂಘವು ಪೋಷಿಸಿ, ರೆಬೆಕಾ ರೂಬೆನ್ ಅವರು 28 ವರ್ಷ ನಡೆಸಿದ ಶಾಲೆಯು ಮಾಝಗಾಂವದಲ್ಲಿ ಸರ್ ಎಲಿ ಕದೂರಿಯವರ ಹೆಸರಿನಲ್ಲಿ ಈಗಲೂ ನಡೆಯುತ್ತಿದೆ. ಅಲ್ಲಿ ಓದುತ್ತಿರುವ ಮಕ್ಕಳಲ್ಲಿ ಬಹುತೇಕರು ನೆರೆಹೊರೆಯ ಮುಸಲ್ಮಾನರ ಮಕ್ಕಳು.